ಗುಡ್ಡದ ಹಿಂದೆ ಬಿದ್ದ ಬೆಳಕು

ಪ್ರಶ್ನೆ: ಮೊನ್ನೆ ರಾತ್ರಿ ಹತ್ತೂವರೆಗೆ ತೋಟಕ್ಕೆ ನೀರು ಬಿಡಲು ಹೋಗಿದ್ದೆ. ಹಸಿರು ಬೆಳಕಿನ ಉಂಡೆಯೊಂದು ಸರ್ರನೆ ಹಾದು ಪಡುವಣ ಗುಡ್ಡದ ಹಿಂದೆ ಬಿತ್ತು. ಪಂಪ್‌ಹೌಸ್ ಗೋಡೆಯ ಮೇಲೆ ನನ್ನ ನೆರಳು ಮೂಡಿತು. ಗುಡ್ಡದಾಚೆ ಹುಡುಕಿದರೆ ಕಲ್ಲು ಸಿಕ್ಕೀತೆ? ಯಾರಿಗೆ ತಿಳಿಸಬೇಕು?

ಉತ್ತರ: ನೀವು ಕಂಡದ್ದು ಬಹುಶಃ ಅಗ್ನಿಗೋಳ, ಅಂದರೆ ಶುಕ್ರಗ್ರಹಕ್ಕಿಂತ ಪ್ರಖರವಾಗಿ ಬೆಳಗುವ ಉಲ್ಕೆ. ಗುಡ್ಡದಾಚೆ ಹುಡುಕುವ ಶ್ರಮ ಬೇಡ. ‘ಇಲ್ಲೇ ಬಿತ್ತು’ ಎಂದು ನೋಡಿದವರಿಗೆಲ್ಲ ಅನ್ನಿಸುತ್ತದೆ. ಕಣ್ಣು ದೂರವನ್ನು ಅಳೆಯಲಾರದು. ಉಲ್ಕೆ 30 ಕಿ.ಮೀ. ಎತ್ತರದಲ್ಲಿ ಆರಿ, ನಿಮಗೆ ದಿಗಂತದಿಂದ 10 ಡಿಗ್ರಿ ಮೇಲೆ ಕಂಡಿದ್ದರೂ ಅದು 150 ಕಿ.ಮೀ.ಗಿಂತ ಆಚೆಗಿತ್ತು. ಕಲ್ಲು ಉಳಿದು ಬಿದ್ದಿದ್ದರೂ ಬೇರೆ ಯಾವುದೋ ಜಿಲ್ಲೆಯಲ್ಲಿ.

ಆ ಜಾಗ ಗೊತ್ತಾಗಬೇಕಾದರೆ ನಿಮ್ಮಂಥ ಹಲವರು, ಬೇರೆಬೇರೆ ಊರುಗಳಿಂದ, ಕಂಡ ದಿಕ್ಕನ್ನು ಹೇಳಬೇಕು. ಆ ಗೆರೆಗಳು ಕೂಡಿದಲ್ಲಿ ಉಲ್ಕೆಯ ದಾರಿ ಸಿಗುತ್ತದೆ. ಆದ್ದರಿಂದ ಇವತ್ತೇ ಅದೇ ಜಾಗಕ್ಕೆ ಹೋಗಿ ನಿಲ್ಲಿ. ಬೆಳಕು ಯಾವ ತೆಂಗಿನ ಮರದ ನೇರಕ್ಕೆ ಕಾಣಿಸಿಕೊಂಡಿತು, ಗುಡ್ಡದ ಯಾವ ಅಂಚಿಗೆ ಮರೆಯಾಯಿತು, ಫೋನಿನ ದಿಕ್ಸೂಚಿಯಲ್ಲಿ ನೋಡಿ ಬರೆದುಕೊಳ್ಳಿ. ಎತ್ತರಕ್ಕೆ ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ: ಒಂದು ಮುಷ್ಟಿ ಸುಮಾರು 10 ಡಿಗ್ರಿ. ನೆನಪು ಬಲು ಬೇಗ ಮಸುಕಾಗುತ್ತದೆ, ನಾಲ್ಕು ಜನರಿಗೆ ಹೇಳಿದಷ್ಟೂ ಬದಲಾಗುತ್ತದೆ. ಮೊದಲು ಬರೆಯಿರಿ, ಆಮೇಲೆ ಹೇಳಿ.

ಎಷ್ಟು ಸೆಕೆಂಡು ಕಂಡಿತು ಎಂಬುದೂ ಮುಖ್ಯ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಬೆಳಕಿನ ಸಾಲು ಕಂಡು ಅನೇಕರು ಉಲ್ಕೆಯೆಂದೇ ತಿಳಿದರು. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಸಿಕ್ಕಿದ್ದು ದೊಡ್ಡ ಲೋಹದ ಉಂಗುರ, ಚೀನಾದ ರಾಕೆಟ್ಟಿನ ತುಂಡು. ಅಂಥ ಕಸ ನಿಧಾನವಾಗಿ, ಚೂರುಚೂರಾಗಿ ಸಾಗುತ್ತದೆ. ಉಲ್ಕೆ ಸೆಕೆಂಡಿಗೆ ಕನಿಷ್ಠ 11 ಕಿ.ಮೀ. ವೇಗದಲ್ಲಿ ಬರುವುದರಿಂದ ಸಾಮಾನ್ಯವಾಗಿ ಕೆಲವೇ ಸೆಕೆಂಡು.

ಸದ್ದು ಕೇಳಿತೇ? ನೂರು ಕಿ.ಮೀ. ದೂರದ ಸದ್ದು ತಲುಪಲು ಐದು ನಿಮಿಷ ಬೇಕು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಕು ಕಂಡು ಕಿಟಕಿಗೆ ಓಡಿಬಂದವರನ್ನು ತಡವಾಗಿ ಬಂದ ಆಘಾತದ ಅಲೆ ಗಾಜಿನ ಚೂರುಗಳಿಂದ ಗಾಯಗೊಳಿಸಿತು. ಮುಂದೆ ಇಂಥದ್ದು ಕಂಡರೆ ಕಿಟಕಿಯಿಂದ ದೂರವಿರಿ.

ಇಷ್ಟನ್ನೂ ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಷನ್ ಜಾಲತಾಣದ ಅಗ್ನಿಗೋಳ ವರದಿ ಫಾರಂನಲ್ಲಿ ತುಂಬಿ. ಊರಿನ ಪೆಟ್ರೋಲ್ ಬಂಕ್, ಅಂಗಡಿಗಳ ಸಿಸಿಟಿವಿಯಲ್ಲೂ ಆ ಬೆಳಕು ಬಿದ್ದಿರಬಹುದು. ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ನಾಳೆಯೇ ಕೇಳಿ ನೋಡಿ.