ಬ್ರೌಸರ್‌ಲಿಸ್ಟ್‌ನಲ್ಲಿ ಐಒಎಸ್ 12 ಸೇರಿಸಿದರೂ ಹಳೆಯ ಐಫೋನಿನಲ್ಲಿ ಬಿಳಿ ಪರದೆ: ಪ್ರತಿಕ್ರಿಯೆ

ಐಒಎಸ್ 12 ಇರುವ ಐಫೋನನ್ನು ಬ್ರೌಸರ್‌ಲಿಸ್ಟ್‌ಗೆ (ಯಾವ ಬ್ರೌಸರ್‌ಗಳಲ್ಲಿ ಸೈಟ್ ಓಡಬೇಕು ಎಂಬ ಪಟ್ಟಿ) ಸೇರಿಸಿದರೂ ಸೈಟ್ ಬಿಳಿ ಪರದೆಯಾಗಿಯೇ ತೆರೆಯುತ್ತದೆ ಎಂದು ಕೇಳಿದ್ದೀರಿ. ನಿಮ್ಮ ಜಾವಾಸ್ಕ್ರಿಪ್ಟ್ ಕೋಡನ್ನು ಬ್ರೌಸರ್‌ಗೆ ಸಿದ್ಧಪಡಿಸುವ ಸಾಧನವಾದ ವೀಟ್ ಆ ಬ್ರೌಸರ್‌ಲಿಸ್ಟನ್ನು ಓದುತ್ತಲೇ ಇಲ್ಲ; ಬಿಳಿ ಪರದೆಗೆ ಬಹುತೇಕ ಅದೇ ಕಾರಣ. ಆ ಪಟ್ಟಿಯನ್ನು ನೋಡುವುದು ಆಟೋಪ್ರಿಫಿಕ್ಸರ್ (ಸಿಎಸ್‌ಎಸ್‌ಗೆ), ಬೇಬಲ್‌ನಂಥ (ಜಾವಾಸ್ಕ್ರಿಪ್ಟ್‌ಗೆ) ಪರಿವರ್ತಕ ಸಾಧನಗಳು. ವೀಟ್‌ನ ಸ್ವಂತ ಕಾನ್ಫಿಗ್ ಕಡತ ತೆರೆದು, ಬಿಲ್ಡ್ ವಿಭಾಗದ ಟಾರ್ಗೆಟ್‌ಗೆ 'ಇಎಸ್2019' (ಜಾವಾಸ್ಕ್ರಿಪ್ಟ್‌ನ 2019ರ ಆವೃತ್ತಿ) ಎಂದು ಕೊಡಿ. ಐಒಎಸ್ 13.4ರಲ್ಲಷ್ಟೇ ಬಂದ ಆಪ್ಷನಲ್ ಚೈನಿಂಗ್ ('?.' ಎಂದು ಬರೆಯುವ ಹೊಸ ರೂಪ) ಆಗ ಹಳೆಯ ರೂಪಕ್ಕೆ ಇಳಿಯುತ್ತದೆ, ಲೈಬ್ರರಿಗಳೊಳಗಿನದೂ ಸೇರಿ.

ಬಳಿಕ ಬಿಲ್ಡ್ ಮಾಡಿ, ಬಿಲ್ಡ್ ಆದದ್ದನ್ನು ತೋರಿಸುವ ಪ್ರಿವ್ಯೂ ಕಮಾಂಡಿಗೆ, ಫೋನಿಗೂ ಅದು ಸಿಗುವಂತೆ ಹೋಸ್ಟ್ ಆಯ್ಕೆ ಸೇರಿಸಿ ಫೋನಿನಲ್ಲಿ ತೆರೆಯಿರಿ. ಕೋಡ್ ಬರೆಯುವಾಗ ಓಡಿಸುವ ಡೆವ್ ಸರ್ವರ್‌ನಲ್ಲಿ ಪರೀಕ್ಷಿಸಬೇಡಿ. ಅದು ಈ ಟಾರ್ಗೆಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆಮೇಲೂ ಪರದೆ ಬಿಳಿಯಾಗಿಯೇ ಇದ್ದರೆ, ಕನ್ಸೋಲ್ (ಬ್ರೌಸರ್ ದೋಷಗಳನ್ನು ತೋರಿಸುವ ಜಾಗ) ನೋಡದೆ ಖಚಿತವಾಗಿ ಹೇಳಲಾರೆ. ರಿಪ್ಲೇಸ್‌ಆಲ್ 'ಫಂಕ್ಷನ್ ಅಲ್ಲ' ಎಂಬಂಥ ದೋಷ ಕಂಡರೆ ಪಾಲಿಫಿಲ್, ಅಂದರೆ ಬ್ರೌಸರ್‌ನಲ್ಲಿಲ್ಲದ ಫಂಕ್ಷನ್ನನ್ನು ಒದಗಿಸುವ ಕೋಡ್, ಬೇಕು. ಟಾರ್ಗೆಟ್ ಸೆಟ್ಟಿಂಗ್ ಮಾರ್ಪಡಿಸುವುದು ಸಿಂಟ್ಯಾಕ್ಸನ್ನು (ಕೋಡ್ ಬರೆಯುವ ರೂಪವನ್ನು) ಮಾತ್ರ, ಇಲ್ಲದ ಫಂಕ್ಷನ್ನನ್ನು ಅದು ತಂದುಕೊಡದು. ಪಾಲಿಫಿಲ್‌ಗಳ ಸಂಗ್ರಹವಾದ ಕೋರ್-ಜೆಎಸ್‌ನಿಂದ ಬೇಕಾದಷ್ಟನ್ನೇ ಮುಖ್ಯ ಕಡತದ ಮೊದಲ ಸಾಲಿನಲ್ಲಿ ಇಂಪೋರ್ಟ್ ಮಾಡಿ.