ದಾವಣಗೆರೆಯಲ್ಲಿ ನೀಲಿ ವಾಂಡಾ ಆರ್ಕಿಡ್ ಬೆಳೆಸಿ ಉಳಿಸಬೇಕೆಂದಿದ್ದೇನೆ, ಎಷ್ಟು ನೆರಳು ಬೇಕು?

ಇದೇ ನೆರಳಿನ ಲೆಕ್ಕ ಹಾಕುತ್ತಲೇ ಚಿತ್ರದುರ್ಗದ ನಮ್ಮ ತಾರಸಿಯ ಮೇಲೆ ನಾನೊಂದು ನೀಲಿ ವಾಂಡಾವನ್ನು ಕಳೆದುಕೊಂಡೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಈ ಗಿಡವು ಓಕ್ ಮರದ ಕೊಂಬೆಗಳಿಗೆ ಬೇರೂರಿ, ಬಿಸಿಲಿಗೂ ಗಾಳಿಗೂ ಮೈಯೊಡ್ಡಿಯೇ ಹೂ ಬಿಡುತ್ತದೆ. ಅದಕ್ಕೆ ಬೇಕಾದದ್ದು ತಂಪಾದ ರಾತ್ರಿ. ಶೇಡ್ ನೆಟ್ ಶೇ. 50ರದ್ದಿರಲಿ, 75ರದ್ದಿರಲಿ, ಹಗಲೆಲ್ಲ ಕಾದ ಬಂಡೆಗಳು ಕಾವು ಬಿಡುವ ದುರ್ಗದ ಏಪ್ರಿಲ್ ರಾತ್ರಿಯನ್ನು ಅದು ತಂಪು ಮಾಡಲಾರದು.

ನಾನು ಆ ತಂಪನ್ನು ನೀರಿನಿಂದ ಕೊಡಲು ಹೊರಟೆ. ಬೇರುಗಳು ಬೆಳ್ಳಗಾದುದನ್ನು ಕಂಡು (ಒಣಗಿದಾಗ ಬೆಳ್ಳಗಾಗಿ, ನೀರು ಹೀರಿದಾಗ ಹಸಿರಾಗುವುದು ಅವುಗಳ ಸಹಜ ಗುಣ) ಗಾಬರಿಯಾಗಿ, ಮಲಗುವ ಮುನ್ನ ಗಿಡದ ನೆತ್ತಿಯ ಮೇಲಿಂದ ನೀರು ಸುರಿಯುತ್ತಿದ್ದೆ. ವಾಂಡಾದ ಎಲೆಗಳು ಎರಡು ಸಾಲಾಗಿ, ಒಂದರ ಬುಡವನ್ನು ಇನ್ನೊಂದು ಅಪ್ಪಿಕೊಂಡಿರುವುದರಿಂದ ನೀರು ಆ ಸಂದುಗಳಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹಾಕಿದ ನೀರಾದರೆ ಗಾಳಿಗೆ ಆರಿಹೋಗುತ್ತದೆ, ಆದರೆ ರಾತ್ರಿ ಹಾಕಿದ್ದು ಎಲೆಯೂ ಅಲುಗದ ಸೆಕೆಯಲ್ಲಿ ಬೆಳಗಿನವರೆಗೂ ಅಲ್ಲಿಯೇ ನಿಂತು ಸುಳಿಯನ್ನು ಕೊಳೆಸುತ್ತದೆ. ಚನ್ನಗಿರಿಯ ಅಡಿಕೆ ಮರದಂತೆ ಇದಕ್ಕೂ ಇರುವುದು ಒಂದೇ ಸುಳಿ. ಅದು ಹೋದರೆ ಆ ಕಾಂಡ ಮತ್ತೆ ಮೇಲೇಳದು, ಬುಡದಲ್ಲಿ ಮರಿ ಒಡೆದರೆ ಅದೃಷ್ಟ. ಬೇರು ಗಟ್ಟಿಯಾಗಿಯೇ ಇದ್ದುದರಿಂದ ನಾನು ನಂಬಿಕೊಂಡು ಕುಳಿತೆ; ನಡುವಿನ ಎಲೆ ಎಳೆದರೆ ಕೈಗೇ ಬಂದಾಗ ಮಾಡಲು ಏನೂ ಉಳಿದಿರಲಿಲ್ಲ.

ಬೆಳೆಸಿ ಈ ಗಿಡವನ್ನು ಉಳಿಸುತ್ತೇನೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಚೆಲುವಿಗೆ ಸೋತವರೇ ಅದನ್ನು ಬರಿದು ಮಾಡಿದ್ದು. 1850ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಲಂಡನ್ನಿನ ಕ್ಯೂ ಉದ್ಯಾನಕ್ಕೆಂದು ಏಳು ಆಳು ಹೊರೆಯಷ್ಟು ಗಿಡಗಳನ್ನು ಖಾಸಿ ಬೆಟ್ಟಗಳಿಂದ ಸಂಗ್ರಹಿಸಿದರು. ಜೀವಸಹಿತ ತಲುಪಿದ್ದು ಕೆಲವೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹೆಸರಿಸಿ ರಕ್ಷಿಸಿರುವ ಕೆಲವೇ ಸಸ್ಯಗಳಲ್ಲಿ ಇದೂ ಒಂದು. ಬೇರಿಗೆ ಮರದ ತೊಗಟೆ, ಹಾವಸೆ ಅಂಟಿಕೊಂಡಿರುವ ಗಿಡವನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ, ಅದು ಕಾಡಿನಿಂದ ಕಿತ್ತದ್ದೆಂದು ತಿಳಿದು ಬಿಟ್ಟುಬಿಡಿ.

ನೀಲಿ ಬಣ್ಣವೇ ಬೇಕೆಂದರೆ, ಈ ನೀಲಿ ವಾಂಡಾವನ್ನು ಫಿಲಿಪ್ಪೀನ್ಸಿನ ತಗ್ಗುನಾಡಿನ ವಾಂಡಾ ಸಾಂಡೇರಿಯಾನಾ ಜೊತೆ ಸಂಕರ ಮಾಡಿ ಪಡೆದ ರಾತ್ಸ್‌ಚೈಲ್ಡಿಯಾನಾ ತಳಿ ತನ್ನಿ. ಅದು ಸೆಕೆಯನ್ನು ಹೆಚ್ಚು ತಾಳುತ್ತದೆ. ನನ್ನನ್ನು ಕೇಳಿದರೆ ಅದೂ ಬೇಡ. ದಖ್ಖನ್ನಿನ ಒಣಸೀಮೆಯ ಮರಗಳ ಮೇಲೆ ತಾನಾಗಿ ಬೆಳೆಯುವ ವಾಂಡಾ ಟೆಸ್ಸೆಲೇಟಾ ಇದೆ. ಕಂದು ಗೆರೆಗಳ ಬಲೆಯಿರುವ ಅದರ ಹೂವಿಗೆ ಒಳ್ಳೆಯ ಪರಿಮಳವಿದೆ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನು ತಂದು ಅಂಗಳದ ಬೇವಿನ ಮರಕ್ಕೆ ಹತ್ತಿಯ ದಾರದಿಂದ ಕಟ್ಟಿ, ನೀರನ್ನು ಬೆಳಿಗ್ಗೆಯೇ ಕೊಡಿ.