ಸಾಸಿವೆ ಡಬ್ಬಿಯ ಲೆಕ್ಕ

(ಸಮಾಲೋಚನೆಗೆಂದು ನನ್ನ ಬಳಿ ಬಂದ ಒಂದು ಕುಟುಂಬದ ಕಥೆ ಇದು. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

"ಮಗಳು ಕದೀತಾಳೆ ಮೇಡಂ" ಎನ್ನುವಾಗ ಆ ತಾಯಿಯ ಕಣ್ಣು ಬಾಗಿಲ ಕಡೆಗಿತ್ತು. ಹೊರಗಿನ ಬೆಂಚಿನ ಮೇಲೆ ಮಗಳು ಕೂತಿದ್ದಳು. ಸಿಂಧು ಎನ್ನೋಣ. 13 ವರ್ಷ, ಎಂಟನೇ ತರಗತಿ. ತಾಯಿ ಬ್ಲೌಸ್ ಹೊಲಿದು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣ ಮೂರು ತಿಂಗಳಿಂದ ಇನ್ನೂರು, ಐನೂರು ಎಂದು ಕರಗುತ್ತಿತ್ತು. ಕೊನೆಗೊಂದು ದಿನ ಹುಡುಗಿ ಸಿಕ್ಕಿಬಿದ್ದಳು. ಅಪ್ಪ ಎರಡು ಏಟು ಹಾಕಿದ್ದರು.

ಮೊದಲ ಎರಡು ಭೇಟಿಗಳನ್ನು ನಾನೇ ಹಾಳುಮಾಡಿದೆ. ಗೆಳತಿಯರ ಸಹವಾಸವೇ, ಮೊಬೈಲ್ ಆಟವೇ, ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಕೇಳಿದ್ದೇ ಕೇಳಿದ್ದು. ಅವಳು ತಲೆ ಅಲ್ಲಾಡಿಸಿದಳು, ಅಷ್ಟೇ. ಮೂರನೇ ಸಲ, "ಆ ದುಡ್ಡು ಈಗ ಎಲ್ಲಿದೆ?" ಎಂದೆ. ಬ್ಯಾಗಿನಿಂದ ರಫ್ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದಳು. "ಅಪ್ಪನಿಂದ ಬರಬೇಕಾದ್ದು 9,000. ಬಂದದ್ದು 2,350." ನೋಟುಗಳೆಲ್ಲ ಅವಳ ಕಂಪಾಸ್ ಪೆಟ್ಟಿಗೆಯಲ್ಲಿದ್ದವು, ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ವಿಷಯ ಇಷ್ಟು. ಅವಳಿಗೆ ಏಳು ವರ್ಷವಿದ್ದಾಗ ಅಪ್ಪನೇ ಪೋಷಕರಾಗಿ ಅವಳ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದಿದ್ದರು. ಅಜ್ಜಿ ಕೊಟ್ಟ ಹಬ್ಬದ ದುಡ್ಡು, ಸೋದರಮಾವನ ಉಡುಗೊರೆ ಎಲ್ಲವೂ ಅದಕ್ಕೇ. "ಇದು ನಿನ್ನ ದುಡ್ಡು, ಕೂಡಿಡೋದು ಕಲಿ" ಎಂಬ ಮಾತು ಮನೆಯಲ್ಲಿ ನೂರು ಸಲ ಆಗಿತ್ತು. ಒಂದು ದಿನ ಅಜ್ಜಿಯ ಜೊತೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದಾಗ 11,400 ಇರಬೇಕಾದಲ್ಲಿ 2,400 ಇತ್ತು. ವರ್ಷದ ಹಿಂದೆ ಚೀಟಿ ಕಂತಿಗೆ ಅಪ್ಪ ತೆಗೆದಿದ್ದರು. ಹೇಳಿರಲಿಲ್ಲ.

ಅಪ್ಪನನ್ನು ಕರೆಸಿದೆ. "ಮನೆ ದುಡ್ಡೆಲ್ಲ ಒಂದೇ ಅಲ್ವಾ ಮೇಡಂ?" ಎಂದರು.

ಸಿಂಧು ಅಂದಳು: "ಒಂದೇ ಆದ್ರೆ ನನ್ನನ್ಯಾಕೆ ಕಳ್ಳಿ ಅಂದ್ರಿ?"

ಆ ಕೋಣೆಯಲ್ಲಿ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಆದರೂ ಹುಡುಗಿಯ ಲೆಕ್ಕದಲ್ಲೊಂದು ತಪ್ಪಿತ್ತು. ತೆಗೆದವರು ಅಪ್ಪ, ವಸೂಲಾದದ್ದು ಅಮ್ಮನಿಂದ. ಇದನ್ನು ಅವಳಿಗೇ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ಪುಟದಲ್ಲಿ ಗೆರೆ ಎಳೆದು ಎರಡು ಲೆಕ್ಕ ಮಾಡಿದಳು. ಅಪ್ಪ ಕೊಡಬೇಕಾದ್ದು ಪೂರ್ತಿ 9,000. ತಾನು ಅಮ್ಮನಿಗೆ ಕೊಡಬೇಕಾದ್ದು 2,350. ಕೂಡಿಟ್ಟ ನೋಟುಗಳನ್ನು ಅಲ್ಲೇ ಅಮ್ಮನ ಕೈಗಿಟ್ಟಳು. ಆ ಲೆಕ್ಕ ಅಲ್ಲಿಗೇ ಮುಗಿಯಿತು. ತಾಯಿ ಎಣಿಸಲಿಲ್ಲ.

ಅಪ್ಪನಿಗೆ ಹೇಳಿದ್ದು: ತಿಂಗಳಿಗೆ 1,500ರಂತೆ ಆರು ಕಂತು, ಅವಳ ಪುಸ್ತಕದಲ್ಲಿ ನಿಮ್ಮ ಸಹಿ. ಏಟಿಗೆ ಕ್ಷಮೆ ಬೇರೆ ಕೇಳಿ, ಅದನ್ನು ದುಡ್ಡಿನ ಜೊತೆ ಸೇರಿಸಬೇಡಿ.

ಖಾತೆಯ ವಿಚಾರಕ್ಕೆ ಬಂದರೆ, ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ, 2025ರ ಏಪ್ರಿಲ್‌ನಲ್ಲಿ ನಿಯಮಗಳನ್ನು ಪರಿಷ್ಕರಿಸಿದೆ. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಬ್ಯಾಂಕೇ ಗೊತ್ತುಮಾಡುತ್ತದೆ. ಎಟಿಎಂ ಕಾರ್ಡು, ಚೆಕ್ ಪುಸ್ತಕ ಕೊಡುವುದೂ ಬಿಡುವುದೂ ಬ್ಯಾಂಕಿನ ವಿವೇಚನೆ. ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಮಾತ್ರ ಬಿಡುವಂತಿಲ್ಲ, ಹಾಗಾಗಿ ಸಾಲದ ಭಯವಿಲ್ಲ. ಅಂಚೆ ಕಚೇರಿಯಲ್ಲೂ ಹತ್ತು ದಾಟಿದವರು ತಾವೇ ಖಾತೆ ನಡೆಸಬಹುದು, ಕನಿಷ್ಠ 500 ಇರಬೇಕು. ಸಿಂಧುವಿಗೆ ಅವಳೇ ಸಹಿ ಹಾಕುವ ಖಾತೆ ಮಾಡಿಸಿ ಎಂದೆ. ಯುಪಿಐ ಸದ್ಯಕ್ಕೆ ಬೇಡ ಎಂದದ್ದು ನನ್ನ ಸ್ವಂತ ಅಭಿಪ್ರಾಯ. ಕೈಯಿಂದ ನೋಟು ಹೋದಾಗ ಆಗುವ ಸಂಕಟ ಬೀಪ್ ಸದ್ದಿನಲ್ಲಿ ಆಗುವುದಿಲ್ಲ.

ತಾಯಿಗೆ ಹೇಳಿದ್ದು ಇನ್ನೊಂದು. ಪ್ರತಿ ತಿಂಗಳ ಒಂದನೇ ತಾರೀಕು 400 ಕೈಖರ್ಚು ಕೊಡಿ. ಮಾರ್ಕ್ಸಿಗೂ ಅದಕ್ಕೂ ಗಂಟು ಹಾಕಬೇಡಿ. ಹತ್ತನೇ ತಾರೀಕಿಗೇ ಮುಗಿಸಿದರೆ ಬೈಯಲೂಬೇಡಿ, ಮತ್ತೆ ಕೊಡಲೂಬೇಡಿ. ಬ್ಯಾಂಕಿನ ಎಸ್‌ಎಂಎಸ್ ನಿಮ್ಮ ಫೋನಿಗೆ ಬರುತ್ತದೆ, ಪ್ರತಿ ಮೆಸೇಜಿಗೂ "ಏನಕ್ಕೆ ತೆಗ್ದೆ?" ಎಂದು ಕೇಳಿದರೆ ಹಣ ಮತ್ತೆ ಕಂಪಾಸ್ ಪೆಟ್ಟಿಗೆ ಸೇರುತ್ತದೆ.

ಬೈಯಬೇಡಿ ಎಂಬ ಮಾತು ತಾಯಿಗೆ ಕಷ್ಟವಾಯಿತು. ಮೊದಲ ತಿಂಗಳಲ್ಲೇ ಹುಡುಗಿ ಬಣ್ಣಬಣ್ಣದ ಜೆಲ್ ಪೆನ್ನಿಗೆ 380 ಸುರಿದಾಗ ನನಗೆ ಫೋನ್ ಬಂತು. ಅದರಲ್ಲಿ ಅರ್ಧ ಪೆನ್ನು ವಾರದಲ್ಲೇ ಕೆಟ್ಟವಂತೆ. ಬಿಡಿ, ಅವಳದೇ ದುಡ್ಡು ಎಂದೆ. ಮರುತಿಂಗಳು ಪೆನ್ನಿನ ಸುದ್ದಿ ಇರಲಿಲ್ಲ.

ನಾಲ್ಕನೇ ಕಂತು ಅಪ್ಪನಿಂದ ಆಗಲಿಲ್ಲ. ಆದರೆ ಹಿಂದಿನ ದಿನವೇ ಮಗಳ ಹತ್ತಿರ ಹೋಗಿ ಹೇಳಿದರಂತೆ. ಅವಳು ಹದಿನೈದನೇ ತಾರೀಕಿನವರೆಗೆ ಟೈಮು ಕೊಟ್ಟು, ಪುಸ್ತಕದಲ್ಲಿ ಹೊಸ ಸಾಲು ಬರೆದಳು: "ಒಂದು ವರ್ಷದ ಬಡ್ಡಿ, ಬ್ಯಾಂಕಿನ ಎರಡೂವರೆ ಪರ್ಸೆಂಟ್ ಲೆಕ್ಕದಲ್ಲಿ, 225." ಅಪ್ಪ ಓದಿ, ಚೀಟಿಯವರಿಗಿಂತ ನೀನೇ ವಾಸಿ ಎಂದು ಸಹಿ ಹಾಕಿದರಂತೆ.